ಲೆಕ್ಕದಲ್ಲಿ ಮಣ್ಣಿಗೂ ಒಂದು ಸಾಲು ಬರೆಯಿರಿ

ಊರಿಗೆ ಮರಳಿ ಬೇಸಾಯಕ್ಕೆ ಕೈಹಾಕಿರುವ ಹುಡುಗ ಹುಡುಗಿಯರನ್ನು ನೋಡುತ್ತಿದ್ದೇನೆ. ಖರ್ಚುವೆಚ್ಚವನ್ನೆಲ್ಲ ಮೊಬೈಲಿನಲ್ಲೇ ಬರೆದಿಡುತ್ತೀರಿ. ಬೀಜಕ್ಕೆ ಇಷ್ಟು, ಗೊಬ್ಬರಕ್ಕೆ ಇಷ್ಟು, ಉಳುಮೆಗೆ, ಕಳೆ ತೆಗೆಸಿದ್ದಕ್ಕೆ, ಕೊಯ್ಲಿಗೆ, ಮಂಡಿಗೆ ಸಾಗಿಸಿದ ಬಾಡಿಗೆಗೆ ಇಷ್ಟು. ಬಂದ ಹಣದಲ್ಲಿ ಇದನ್ನೆಲ್ಲ ಕಳೆದು ಉಳಿದದ್ದು ಲಾಭ. ನಮ್ಮ ತಲೆಮಾರಿನಲ್ಲಿ ಇಷ್ಟು ಶಿಸ್ತಾಗಿ ಲೆಕ್ಕ ಇಟ್ಟವರು ಕಡಿಮೆ, ನಿಮ್ಮನ್ನು ಮೆಚ್ಚಬೇಕು. ಆದರೂ ಆ ಪಟ್ಟಿ ನೋಡಿದರೆ ನನಗೆ ದಿಗಿಲಾಗುತ್ತದೆ. ಮೋಟಾರು ರಿಪೇರಿಯ ಖರ್ಚು ಅದರಲ್ಲಿದೆ, ಮೋಟಾರು ಎತ್ತಿದ ನೀರು ಇಲ್ಲ. ಗೊಬ್ಬರದ ಬೆಲೆ ಇದೆ, ಬೆಳೆಯ ಜೊತೆ ಹೊಲ ಬಿಟ್ಟುಹೋದ ಸಾರ ಇಲ್ಲ. ಮಳೆಗೆ ಕೊಚ್ಚಿಹೋದ ಮಣ್ಣಂತೂ ಯಾರ ಲೆಕ್ಕದಲ್ಲೂ ಇಲ್ಲ.

ಕಾಲೇಜಿನಲ್ಲಿ ನಿಮ್ಮಲ್ಲಿ ಹೆಚ್ಚಿನವರು ಪರಿಸರ ಅಧ್ಯಯನದ ಪತ್ರಿಕೆ ಬರೆದವರೇ. ಅಲ್ಲಿ ಮಣ್ಣು ಒಂದು ಅಧ್ಯಾಯ, ಜನಸಂಖ್ಯೆ ಇನ್ನೊಂದು, ಪರಿಸರದ ಅರ್ಥಶಾಸ್ತ್ರ ಮತ್ತೊಂದು. ಪರೀಕ್ಷೆ ಮುಗಿದ ಮೇಲೆ ಪುಸ್ತಕ ಅಟ್ಟಕ್ಕೆ. ಆದರೆ ಹೊಲದಲ್ಲಿ ನಿಂತರೆ ಮೂರೂ ಅಧ್ಯಾಯ ಸೇರಿ ಒಂದೇ ಪ್ರಶ್ನೆ ಕೇಳುತ್ತವೆ: ನೀವು ತೆಗೆದುಕೊಂಡದ್ದಕ್ಕೆ ದುಡ್ಡು ಕೊಡುತ್ತಿರುವವರು ಯಾರು? ಆ ಪ್ರಶ್ನೆ ಕೇಳಿಕೊಳ್ಳುವ ಅಭ್ಯಾಸ ನಿಮಗೆ ಈಗಲೇ ಆಗಲಿ ಎಂದು ಇಷ್ಟು ಬರೆಯುತ್ತಿದ್ದೇನೆ.

ಬಂಡೆ ಬಿಸಿಲು ಮಳೆಗೆ ಒಡೆದು, ಬೇರು, ಎರೆಹುಳು, ಕಣ್ಣಿಗೆ ಕಾಣದ ಜೀವಿಗಳೆಲ್ಲ ದುಡಿದು ಒಂದು ಅಂಗುಲ ಮೇಲ್ಮಣ್ಣು ಮೂಡಲು ನೂರಾರು ವರ್ಷ ಬೇಕು. ಕಳೆದುಕೊಳ್ಳಲು ಕೆಲವು ಜೋರು ಮಳೆ ಸಾಕು. ಧ್ರುವ ನಾರಾಯಣ ಮತ್ತು ರಾಮ್ ಬಾಬು ಎಂಬ ವಿಜ್ಞಾನಿಗಳು 1983ರಲ್ಲಿ ಇಡೀ ದೇಶದ ಮಣ್ಣಿನ ಸವಕಳಿಯನ್ನು ಅಂದಾಜು ಮಾಡಿದರು. ಸರಾಸರಿ ಹೆಕ್ಟೇರಿಗೆ ವರ್ಷಕ್ಕೆ 16 ಟನ್ನಿಗೂ ಹೆಚ್ಚು. ನಮ್ಮ ಎಕರೆ ಲೆಕ್ಕದಲ್ಲಿ ಆರೂವರೆ ಟನ್ ಆಯಿತು. ಯಾರಾದರೂ ನಿಮ್ಮ ಹೊಲಕ್ಕೆ ಬಂದು ಎರಡು ಟ್ರ್ಯಾಕ್ಟರ್ ಲೋಡ್ ಮಣ್ಣು ತುಂಬಿಕೊಂಡು ಹೊರಟರೆ ಊರೆಲ್ಲ ಕೂಗಿ ಸೇರಿಸುತ್ತೀರಿ. ಅಷ್ಟನ್ನೇ ಮಳೆ ಒಯ್ದರೆ "ಈ ಸಲ ಒಳ್ಳೇ ಮಳೆ" ಎನ್ನುತ್ತೀರಿ.

ಇದನ್ನು ತಡೆಯುವ ವಿದ್ಯೆ ನಮಗೆ ಹೊಸದಲ್ಲ. ವಿಜಯಪುರದಲ್ಲೂ ಬಳ್ಳಾರಿ ಬಳಿಯ ಹಗರಿಯಲ್ಲೂ 1930ರ ದಶಕದಲ್ಲೇ ಒಣ ಬೇಸಾಯದ ಸಂಶೋಧನಾ ಕೇಂದ್ರಗಳು ಕೆಲಸ ಮಾಡುತ್ತಿದ್ದವು. ಬಳ್ಳಾರಿಯಲ್ಲಿ 1954ರಲ್ಲಿ ಮಣ್ಣು ಸಂರಕ್ಷಣೆಗೆಂದೇ ಕೇಂದ್ರ ಬಂತು. ಎರೆ ಭೂಮಿ ಆಳವಾಗಿದ್ದರೂ ಮಳೆನೀರನ್ನು ಬೇಗ ಒಳಗೆ ಬಿಟ್ಟುಕೊಳ್ಳುವುದಿಲ್ಲ, ಮೇಲೆ ಹರಿದ ನೀರು ಮಣ್ಣನ್ನೂ ಕರೆದೊಯ್ಯುತ್ತದೆ. ನಮ್ಮ ಕಡೆಯ ಕೆಂಪು ಮಣ್ಣು ನೀರು ಕುಡಿದರೂ ತೆಳು, ಬೇಗ ಒಣಗುತ್ತದೆ. ಎರಡಕ್ಕೂ ಆ ಕೇಂದ್ರಗಳವರು ಹೇಳಿದ್ದು ಮೇಲ್ನೋಟಕ್ಕೆ ಸಾಧಾರಣ ಮಾತು: ಇಳಿಜಾರಿಗೆ ಅಡ್ಡವಾಗಿ ಉಳಿ, ಬದು ಹಾಕಿ, ಬದುವಿನ ಮೇಲೆ ಹುಲ್ಲು ಬೆಳೆಸಿ. ಈಗ ಏನಾಗುತ್ತಿದೆ? ಟ್ರ್ಯಾಕ್ಟರ್ ತಿರುಗಿಸಲು ಅಡ್ಡ ಎಂದು, ಎರಡು ಅಡಿ ಜಾಗ ಸಿಕ್ಕೀತೆಂದು, ಅಜ್ಜ ಹಾಕಿಸಿದ ಬದುವನ್ನು ಜೆಸಿಬಿ ತರಿಸಿ ನೆಲಸಮ ಮಾಡುತ್ತೀರಿ. ಇಳಿಜಾರಿನುದ್ದಕ್ಕೂ ಉಳುಮೆ ಹೊಡೆಸುತ್ತೀರಿ. ಡೀಸೆಲ್ ಸ್ವಲ್ಪ ಉಳಿಯುತ್ತದೆ ನಿಜ. ದಯವಿಟ್ಟು ಬದು ಕೀಳುವ ಮುಂಚೆ ಒಂದು ಮಳೆಗಾಲ ಕಾಯಿರಿ. ಜೋರು ಮಳೆ ಬಂದ ದಿನ ಕೊಡೆ ಹಿಡಿದು ಹೊಲದ ತಗ್ಗಿನ ಮೂಲೆಯಲ್ಲಿ ನಿಂತು, ಹರಿದುಹೋಗುವ ನೀರಿನ ಬಣ್ಣ ನೋಡಿ. ಆಮೇಲೆ ತೀರ್ಮಾನ ಮಾಡಿ.

ನಮ್ಮ ಬಯಲುಸೀಮೆಯಲ್ಲಿ ಬೇಸಿಗೆ ಬಂತೆಂದರೆ ಬತ್ತಿದ ಕೆರೆಗೆ ಗಾಡಿ ಕಟ್ಟುತ್ತಿದ್ದರು. ಹೂಳನ್ನು ಅಗೆದು ತುಂಬಿ ಹೊಲಕ್ಕೆ ಹರಡುವುದು ಆ ತಿಂಗಳುಗಳ ಕೆಲಸ. ಮಳೆ ಹೊಲದಿಂದ ಒಯ್ದದ್ದರಲ್ಲಿ ಸ್ವಲ್ಪವಾದರೂ ಹೊಲಕ್ಕೆ ಹಿಂದಿರುಗುತ್ತಿತ್ತು, ಕೆರೆಯ ಆಳವೂ ಉಳಿಯುತ್ತಿತ್ತು. ರಾಗಿ ಹೊಲದಲ್ಲಿ ಅಕ್ಕಡಿ ಸಾಲು ಹಾಕುತ್ತಿದ್ದರು. ಅವರೆ, ತೊಗರಿ, ಅಲಸಂದೆ, ಹುಚ್ಚೆಳ್ಳು. ಸಾರಿಗೆ ಕಾಳಾಯಿತು, ದನಕ್ಕೆ ಹೊಟ್ಟಾಯಿತು, ದ್ವಿದಳದ ಬೇರುಗಂಟುಗಳು ಗಾಳಿಯ ಸಾರಜನಕವನ್ನು ಮಣ್ಣಿಗೆ ತಂದುಕೊಟ್ಟವು. ಕುರಿಗಾರರು ಬಂದರೆ ಮಂದೆಯನ್ನು ಹೊಲದಲ್ಲಿ ತಂಗಿಸಿ, ಹಿಕ್ಕೆಗೆ ಪ್ರತಿಯಾಗಿ ರಾಗಿ ಅಳೆದು ಕೊಡುತ್ತಿದ್ದರು. ಮಣ್ಣಿನಿಂದ ತೆಗೆದದ್ದಕ್ಕೆ ಏನನ್ನಾದರೂ ಹಿಂದಕ್ಕೆ ಕೊಡುವುದು ಬೇಸಾಯದ ಖರ್ಚಿನೊಳಗೇ ಸೇರಿತ್ತು.

ಹಾಗೆಂದು ಹಿಂದಿನದೆಲ್ಲ ಚಿನ್ನ ಎಂದು ನಂಬಿಸಲು ನಾನು ಹೊರಟಿಲ್ಲ. ಧಾತು ಈಶ್ವರ ಬರದ ಕತೆಗಳನ್ನು ನಮ್ಮ ಹಿರಿಯರು ಹೇಳುತ್ತಿದ್ದಾಗ ಎದೆ ನಡುಗುತ್ತಿತ್ತು. 1871ರ ಜನಗಣತಿಯಲ್ಲಿ ಮೈಸೂರು ಸೀಮೆಯಲ್ಲಿ 50 ಲಕ್ಷಕ್ಕೂ ಹೆಚ್ಚು ಜನ ಇದ್ದರು. 1876ರಿಂದ 78ರವರೆಗಿನ ಆ ಬರದ ನಂತರ, 1881ರಲ್ಲಿ ಎಣಿಸಿದಾಗ ಉಳಿದವರು ಸುಮಾರು 42 ಲಕ್ಷ. ಆಗ ಅಕ್ಕಡಿಯೂ ಇತ್ತು, ಕೆರೆಯೂ ಇತ್ತು, ಕುರಿಮಂದೆಯೂ ಇತ್ತು. ಮಳೆ ಮೇಲಿಂದ ಮೇಲೆ ಕೈಕೊಟ್ಟಾಗ, ಬೇರೆ ಕಡೆಯಿಂದ ಧಾನ್ಯ ತರುವ ದಾರಿಯೂ ಕೊಳ್ಳುವ ಶಕ್ತಿಯೂ ಇಲ್ಲದ ಬಡವರು ಸತ್ತರು. ಇಂದು ಆ ಬಗೆಯ ಸಾವು ಇಲ್ಲ. ರಾಸಾಯನಿಕ ಗೊಬ್ಬರ, ಸುಧಾರಿತ ತಳಿ, ಕಾಲುವೆ ನೀರು, ಪಡಿತರ, ಇವು ನಮ್ಮನ್ನು ಉಳಿಸಿವೆ. ಅವನ್ನು ಬೈಯುವ ಭಾಷಣ ಕೇಳಿದಾಗ ನನಗೆ ಸಿಟ್ಟೇ ಬರುತ್ತದೆ. ಬೈಯಬೇಕಾದದ್ದು ಅವನ್ನು ಬಳಸುವ ರೀತಿಯನ್ನು.

ಯೂರಿಯಾವನ್ನೇ ನೋಡಿ. 45 ಕಿಲೋ ಚೀಲ ರೈತನಿಗೆ ಸುಮಾರು 266 ರೂಪಾಯಿಗೆ ಸಿಗುತ್ತದೆ. ನಿಜವಾದ ಬೆಲೆ ಅದರ ಹಲವು ಪಟ್ಟು, ಮಿಕ್ಕದ್ದನ್ನು ಸರ್ಕಾರ ಭರಿಸುತ್ತದೆ. ಡಿಎಪಿ ಚೀಲ 1,350 ರೂಪಾಯಿ. 2010ರಲ್ಲಿ ಪೋಷಕಾಂಶ ನೋಡಿ ಸಬ್ಸಿಡಿ ಕೊಡುವ ನೀತಿ ಬಂದಾಗ ಯೂರಿಯಾವನ್ನು ಅದರ ಹೊರಗೇ ಇಟ್ಟರು. ಅಗ್ಗವಾದದ್ದನ್ನು ರೈತ ಹೆಚ್ಚು ಹಾಕದೆ ಇನ್ನೇನು ಮಾಡಿಯಾನು? ಸಾರಜನಕ, ರಂಜಕ, ಪೊಟ್ಯಾಷ್ 4:2:1ರ ಪ್ರಮಾಣದಲ್ಲಿರಲಿ ಎಂದು ತಜ್ಞರು ಹೇಳುತ್ತಲೇ ಬಂದರು, ಹೊಲಕ್ಕೆ ಬಿದ್ದದ್ದು ಯೂರಿಯಾ. ಪೈರು ವಾರದಲ್ಲಿ ಕಡುಹಸಿರಾಗುತ್ತದೆ, ನೋಡಿದವರು ಹೊಗಳುತ್ತಾರೆ. ಹುಳದ ಕಾಟವೂ ಅದರ ಹಿಂದೆಯೇ ಬರುತ್ತದೆ.

2009ರಲ್ಲಿ ನಮ್ಮ ರಾಜ್ಯದ ಕೃಷಿ ಇಲಾಖೆ ಇಕ್ರಿಸ್ಯಾಟ್ ಎಂಬ ಕೃಷಿ ಸಂಶೋಧನಾ ಸಂಸ್ಥೆಯ ಜೊತೆ ಸೇರಿ ಭೂಚೇತನ ಎಂಬ ಕಾರ್ಯಕ್ರಮ ಶುರುಮಾಡಿತು. ಮಳೆಯಾಶ್ರಿತ ಹೊಲಗಳ ಮಣ್ಣನ್ನು ಪರೀಕ್ಷಿಸಿದಾಗ ಕಂಡದ್ದು ಸತು, ಬೋರಾನ್, ಗಂಧಕದ ಕೊರತೆ. ಕೆಲವು ಕಿಲೋ ಜಿಂಕ್ ಸಲ್ಫೇಟ್, ಬೊರಾಕ್ಸ್, ಜಿಪ್ಸಂ ಹಾಕಿದ ಕಡೆ ಇಳುವರಿ ಏರಿತು. ಅಂದರೆ ಎಷ್ಟೋ ಮಂದಿ ಹೊಲಕ್ಕೆ ಬೇಕಿಲ್ಲದ್ದನ್ನು ಚೀಲಗಟ್ಟಲೆ ಸುರಿಯುತ್ತ, ಬೇಕಾದ ಚಿಟಿಕೆಯನ್ನು ಕೊಡದೆ ಇದ್ದರು. ಇದನ್ನು ತಿಳಿಯುವ ಉಪಾಯ ದುಬಾರಿಯಲ್ಲ. ಬೇಸಿಗೆಯಲ್ಲಿ, ಗೊಬ್ಬರ ಹಾಕುವ ಮುಂಚೆ, ಹೊಲದ ಎಂಟು ಹತ್ತು ಕಡೆ ಇಂಗ್ಲಿಷಿನ "ವಿ" ಆಕಾರದಲ್ಲಿ ಆರು ಅಂಗುಲ ಆಳ ಗುಂಡಿ ತೆಗೆದು ಅಂಚಿನ ಮಣ್ಣು ಕೆರೆದುಕೊಳ್ಳಿ. ಬದುವಿನ ಹತ್ತಿರ, ಮರದ ಬುಡದಲ್ಲಿ, ತಿಪ್ಪೆ ಇದ್ದ ಜಾಗದಲ್ಲಿ ಬೇಡ. ಎಲ್ಲವನ್ನೂ ಬೆರೆಸಿ, ನೆರಳಲ್ಲಿ ಒಣಗಿಸಿ, ಅರ್ಧ ಕಿಲೋ ರೈತ ಸಂಪರ್ಕ ಕೇಂದ್ರಕ್ಕೆ ಕೊಡಿ. 2015ರಿಂದ ಮಣ್ಣು ಆರೋಗ್ಯ ಚೀಟಿಯ ಯೋಜನೆ ಇದೆ. ಎಷ್ಟೋ ಮನೆಗಳಲ್ಲಿ ಆ ಚೀಟಿ ಕ್ಯಾಲೆಂಡರಿನ ಹಿಂದೆ ಸಿಕ್ಕಿಸಿಕೊಂಡು ಹಳದಿಯಾಗುತ್ತಿದೆ. ನಿಮ್ಮ ರಕ್ತಪರೀಕ್ಷೆಯ ವರದಿಯನ್ನು ಹಾಗೆ ಬಿಡುತ್ತೀರಾ? ಮಣ್ಣಿನ ಚೀಟಿಯಲ್ಲಿ ಸಾವಯವ ಇಂಗಾಲ ಎಂಬ ಸಾಲನ್ನು ಮೊದಲು ನೋಡಿ. ಅರ್ಧ ಶೇಕಡಕ್ಕಿಂತ ಕಡಿಮೆ ಇದ್ದರೆ ನಿಮ್ಮ ಮಣ್ಣು ಸೊರಗಿದೆ ಎಂದೇ ಅರ್ಥ. ಆ ವರ್ಷ ಕಬ್ಬಿನ ರವದಿಗೆ ಬೆಂಕಿ ಇಡಬೇಡಿ, ಸಾಲಿನ ಮಧ್ಯೆ ಹಾಸಿ. ಸೆಣಬೋ ಡಯಾಂಚವೋ ಬಿತ್ತಿ ಹೂ ಬರುವ ಹೊತ್ತಿಗೆ ಉಳುಮೆಯಲ್ಲಿ ಮುಚ್ಚಿ.

ಕೊಚ್ಚಿಹೋದ ಮಣ್ಣು ಎಲ್ಲಿಗೆ ಹೋಗುತ್ತದೆ ಎಂದು ಹೊಸಪೇಟೆಗೆ ಹೋದವರಿಗೆ ತಿಳಿಯುತ್ತದೆ. 1953ರಲ್ಲಿ ತುಂಗಭದ್ರಾ ಅಣೆಕಟ್ಟು ಮುಗಿದಾಗ ಜಲಾಶಯದ ಸಾಮರ್ಥ್ಯ 133 ಟಿಎಂಸಿ ಅಡಿ. ಈಗ ಸುಮಾರು 105. ಮಿಕ್ಕ ಜಾಗದಲ್ಲಿ ಕೂತಿರುವುದು ಮೇಲಿನ ಊರುಗಳ ಹೂಳು. ಆ ನಷ್ಟ ತುಂಬಿಕೊಳ್ಳಲು ನವಲಿ ಹತ್ತಿರ ಸಾವಿರಾರು ಕೋಟಿಯ ಸಮತೋಲನ ಜಲಾಶಯ ಕಟ್ಟುವ ಮಾತು ವರ್ಷಗಳಿಂದ ನಡೆದಿದೆ. ಬದುವಿಗೆ ಖರ್ಚು ಮಾಡದೆ ಉಳಿಸಿದ ಹಣ ಹೀಗೆ ಇನ್ನೊಂದು ಕಡೆ, ಇನ್ನೊಬ್ಬರ ಹೆಸರಿನಲ್ಲಿ, ಎಷ್ಟೋ ಪಟ್ಟು ಬೆಳೆದು ಬರುತ್ತದೆ. ಅಣೆಕಟ್ಟಿನ ಕೆಳಗಿನ ಕತೆ ಬೇರೆಯೇ. ಕಡಿಮೆ ನೀರಿನ ಬೆಳೆಗೆಂದು ಯೋಜಿಸಿದ ಎರೆ ನೆಲಕ್ಕೆ ಭತ್ತ ಬಂತು, ಕಾಲುವೆಯ ಮೇಲ್ತುದಿಯವರು ಗದ್ದೆ ತುಂಬ ನೀರು ನಿಲ್ಲಿಸಿದರು. ಗಂಗಾವತಿ, ಸಿಂಧನೂರು ಕಡೆ ಸಾವಿರಾರು ಎಕರೆ ಸವಳು ಜವಳಾಯಿತು, ಉಪ್ಪು ಮೇಲೆ ಬಂದು ಬೆಳೆ ಹಿಡಿಯದಾಯಿತು. ಕಾಲುವೆಯ ಕೊನೆಯವರಿಗೆ ನೀರೇ ಮುಟ್ಟಲಿಲ್ಲ. ಒಂದೇ ಕಾಲುವೆಯಲ್ಲಿ ಒಬ್ಬ ನೀರು ಹೆಚ್ಚಾಗಿ ಕೆಟ್ಟ, ಇನ್ನೊಬ್ಬ ನೀರಿಲ್ಲದೆ ಕೆಟ್ಟ.

ಈಗ ಬೆಂಗಳೂರಿನಲ್ಲಿ ಕೂತು ಇದನ್ನು ಓದುತ್ತಿರುವವರಿಗೆ ಒಂದು ಮಾತು. ಇದು ಹಳ್ಳಿಯವರ ವಿಷಯ ಎಂದು ಪುಟ ತಿರುಗಿಸಬೇಡಿ. ನಗರ ಭರದಿಂದ ಬೆಳೆದ ವರ್ಷಗಳಲ್ಲಿ ಹೊಳೆಯ ಮರಳು ಸಾಲದೆ ಹೋಯಿತು. ಆಗ ಕೋಲಾರದಲ್ಲಿ, ಬೆಂಗಳೂರು ಗ್ರಾಮಾಂತರದಲ್ಲಿ ಫಿಲ್ಟರ್ ಮರಳು ಎಂಬ ದಂಧೆ ಹುಟ್ಟಿತು. ಕೆರೆ ಅಂಗಳದ, ಹೊಲದ ಮಣ್ಣನ್ನು ತೋಡಿ, ಅದಕ್ಕೆ ಬೋರಿನ ನೀರು ಹಾಯಿಸಿ ತೊಳೆದು ಮರಳು ಬೇರ್ಪಡಿಸುವುದು. ತೊಳೆದುಹೋದ ಜೇಡಿ ಮತ್ತು ಗೋಡು ಇದೆಯಲ್ಲ, ಹೊಲ ಎನ್ನುವುದೇ ಅದು. ಮಗಳ ಮದುವೆಗೋ ಸಾಲಕ್ಕೋ ಸಿಕ್ಕಿಕೊಂಡ ರೈತ ಮೇಲ್ಮಣ್ಣು ಮಾರಿದ. ಇಟ್ಟಿಗೆ ಗೂಡಿನವರೂ ಹೀಗೆಯೇ ಕೊಂಡರು. ಮರಳಿನ ಬಿಲ್ಲಿನಲ್ಲಿ ಲಾರಿ ಬಾಡಿಗೆ, ಕೂಲಿ, ದಲ್ಲಾಳಿ ಎಲ್ಲ ಸೇರಿತು. ಇನ್ನು ಮೂರು ತಲೆಮಾರು ಅಲ್ಲಿ ರಾಗಿ ಬೆಳೆಯುವುದಿಲ್ಲ ಎಂಬುದು ಸೇರಲಿಲ್ಲ. ವ್ಯಾಪಾರದಲ್ಲಿ ಇಲ್ಲದ ಮೂರನೆಯವನ ತಲೆಗೆ ಬೀಳುವ ಇಂಥ ಖರ್ಚಿನ ಬಗ್ಗೆ ಇಂಗ್ಲೆಂಡಿನ ಅರ್ಥಶಾಸ್ತ್ರಜ್ಞ ಆರ್ಥರ್ ಪಿಗೂ 1920ರಲ್ಲೇ ವಿವರವಾಗಿ ಬರೆದಿದ್ದ. ಆ ಖರ್ಚನ್ನು ತೆರಿಗೆಯಾಗಿ ಬೆಲೆಯೊಳಗೇ ಸೇರಿಸಿ ಎಂದಿದ್ದ. ಬರೆದು ನೂರು ವರ್ಷವಾಯಿತು, ಬಿಲ್ಲು ಬರೆಯುವ ರೀತಿ ಅಷ್ಟಾಗಿ ಬದಲಾಗಿಲ್ಲ. ಮನೆ ಕಟ್ಟಿಸುವಾಗ ಅಮೃತಶಿಲೆಯ ಬಣ್ಣದ ಬಗ್ಗೆ ವಾರಗಟ್ಟಲೆ ವಿಚಾರಿಸುತ್ತೀರಿ. ಮರಳು ಎಲ್ಲಿಂದ ಬಂತು, ಕಲ್ಲು ಪುಡಿಮಾಡಿ ತಯಾರಿಸಿದ ಎಂ ಸ್ಯಾಂಡೇ ಅಲ್ಲವೇ ಎಂದು ಕಂಟ್ರ್ಯಾಕ್ಟರನ್ನು ಒಂದು ಸಲವಾದರೂ ಕೇಳಿ.

ಜನ ಹೆಚ್ಚಾಗಿದ್ದಕ್ಕೆ ಇದೆಲ್ಲ ಆಗಿದೆ ಎಂದು ನಿಮ್ಮಲ್ಲಿ ಬಹಳ ಮಂದಿ ಹೇಳುವುದನ್ನು ಕೇಳಿದ್ದೇನೆ. ಸುಲಭದ ಉತ್ತರ, ತಪ್ಪು ಹೊರಿಸಲು ಬೇರೆಯವರು ಸಿಗುತ್ತಾರೆ. ಈಗಿನ ಕರ್ನಾಟಕದ ಪ್ರದೇಶದಲ್ಲಿ 1951ರಲ್ಲಿ ಸುಮಾರು 1.94 ಕೋಟಿ ಜನ ಇದ್ದರು, 2011ರಲ್ಲಿ 6.11 ಕೋಟಿ. ಮೂರು ಪಟ್ಟಿಗಿಂತ ಹೆಚ್ಚು. ಅದರ ಭಾರ ನೆಲದ ಮೇಲೆ ಬಿದ್ದಿರುವುದು ನಿಜ. ಆದರೆ ಹೆರಿಗೆಯ ಲೆಕ್ಕದಲ್ಲಿ ನಮ್ಮ ನಾಡು ಹಿಂದೆ ಬಿದ್ದದ್ದಲ್ಲ. ಗಂಡಸರು ಬಾಯಿಬಿಟ್ಟು ಆಡಲು ನಾಚುತ್ತಿದ್ದ ಕಾಲದಲ್ಲಿ, 1930ರಲ್ಲಿ, ಮೈಸೂರು ಸಂಸ್ಥಾನದ ಸರ್ಕಾರ ಬೆಂಗಳೂರು ಮತ್ತು ಮೈಸೂರಿನಲ್ಲಿ ಸಂತಾನ ನಿಯಂತ್ರಣದ ಚಿಕಿತ್ಸಾಲಯ ತೆರೆಸಿತು. ಸರ್ಕಾರವೇ ನಡೆಸಿದ ಇಂಥ ಚಿಕಿತ್ಸಾಲಯ ಜಗತ್ತಿನಲ್ಲೇ ಮೊದಲು ಎನ್ನುತ್ತಾರೆ. ಇಂದು, 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ, ಕರ್ನಾಟಕದ ಹೆಣ್ಣೊಬ್ಬಳು ಹೆರುವ ಮಕ್ಕಳ ಸರಾಸರಿ 1.7. ತಂದೆ ತಾಯಿಯ ಜಾಗ ತುಂಬಲು ಬೇಕಾದ ಎರಡಕ್ಕಿಂತಲೂ ಕಡಿಮೆ. ಹೆಣ್ಣುಮಕ್ಕಳು ಓದಿದರು, ಹೆತ್ತ ಮಗು ಬದುಕಿ ಉಳಿಯುತ್ತದೆ ಎಂಬ ಧೈರ್ಯ ಬಂತು, ಸಂಸಾರ ತಾನಾಗಿ ಚಿಕ್ಕದಾಯಿತು. 

ಹೆರಿಗೆ ಇಳಿದಿದೆ, ನೀರಿನ ಜಗಳ ಏರಿದೆ. ಅಂದರೆ ತಲೆ ಎಣಿಸಿದರೆ ಸಾಲದು, ತಲೆಗೆ ಎಷ್ಟು ಖರ್ಚು ಎಂದು ಎಣಿಸಬೇಕು. ಕಾವೇರಿಯನ್ನು ಸುಮಾರು 100 ಕಿಲೋಮೀಟರ್ ದೂರದಿಂದ, 300 ಮೀಟರಿಗೂ ಹೆಚ್ಚು ಎತ್ತರಕ್ಕೆ ಪಂಪು ಹಾಕಿ ಬೆಂಗಳೂರಿಗೆ ಏರಿಸುತ್ತಾರೆ. ಆ ನೀರಿನಲ್ಲಿ ಕಾರು ತೊಳೆಯುತ್ತೀರಿ. ಆರ್‌ಒ ಯಂತ್ರ ಶುದ್ಧ ಮಾಡಿ ಕೊಟ್ಟದ್ದಕ್ಕಿಂತ ಹೆಚ್ಚಿನದನ್ನು ಸಿಂಕಿಗೆ ಬಿಡುತ್ತದೆ, ಅದನ್ನು ಬಕೆಟಿಗೆ ಹಿಡಿದು ನೆಲ ಒರೆಸಲು ಇಟ್ಟುಕೊಳ್ಳುವವರು ಕಡಿಮೆ. ಬೆಂಗಳೂರಿನಲ್ಲಿ ಮಳೆನೀರು ಕೊಯ್ಲು ಕಡ್ಡಾಯ ಎಂದು 2009ರಲ್ಲೇ ಕಾನೂನು ಬಂದರೂ, ಎಷ್ಟೋ ಮನೆಯವರು ವ್ಯವಸ್ಥೆ ಮಾಡಿಸುವ ಬದಲು ದಂಡ ಕಟ್ಟಿಕೊಂಡು ಕೂತರು. 2024ರ ಬೇಸಿಗೆಯಲ್ಲಿ ಟ್ಯಾಂಕರಿಗೆ ಸಾಲು ನಿಂತಾಗ ಅವರೇ ಹೆಚ್ಚು ಕೂಗಾಡಿದವರು.

ಹಳ್ಳಿಯಲ್ಲಿ ಜನಸಂಖ್ಯೆಯ ಭಾರ ಬೇರೆ ರೂಪದಲ್ಲಿ ಕಾಣುತ್ತದೆ, ಹಿಡುವಳಿ ಸಣ್ಣದಾಗುವುದರಲ್ಲಿ. ದೇಶದಲ್ಲಿ ಒಬ್ಬ ರೈತನ ಸರಾಸರಿ ಹಿಡುವಳಿ 1970-71ರಲ್ಲಿ 2.28 ಹೆಕ್ಟೇರ್ ಇತ್ತು, 2015-16ಕ್ಕೆ 1.08 ಆಯಿತು. ಪಾಲಾಗುವುದನ್ನು ತಡೆಯಲಾರಿರಿ, ಅಕ್ಕತಂಗಿಯರ ಪಾಲನ್ನು ನುಂಗಿ ತಡೆಯಲೂ ಕೂಡದು. ಆದರೆ ನೆಲ ಪಾಲಾದರೆ ಬಾವಿಯೂ ಪಾಲಾಗಬೇಕಿಲ್ಲ. ಅಣ್ಣನಿಗೊಂದು ಬೋರು, ತಮ್ಮನಿಗೊಂದು ಬೋರು, ನಡುವೆ ನೂರು ಅಡಿ ಇಲ್ಲ. ಎರಡೂ ಒಂದೇ ಸೆಲೆಯ ನೀರು ಎಳೆಯುತ್ತಿವೆ. ಮಾತು ಬಿಟ್ಟ ಅಣ್ಣತಮ್ಮಂದಿರು ಬೋರಿನ ಲೆಕ್ಕದಲ್ಲಾದರೂ ಒಂದಾಗಿ ಕೂತರೆ ಇಬ್ಬರಿಗೂ ಲಕ್ಷಾಂತರ ರೂಪಾಯಿ ಉಳಿಯುತ್ತದೆ.

ನೀರಿನ ವಿಷಯಕ್ಕೆ ಬಂದರೆ ನನ್ನ ಆತಂಕ ಎಲ್ಲಕ್ಕಿಂತ ಹೆಚ್ಚು. ಹತ್ತು ಎಚ್‌ಪಿವರೆಗಿನ ಪಂಪ್‌ಸೆಟ್ಟಿಗೆ ನಮ್ಮ ರಾಜ್ಯದಲ್ಲಿ 2008ರಿಂದ ಉಚಿತ ವಿದ್ಯುತ್. ಬೇಸಾಯಗಾರನ ಕಷ್ಟ ನೋಡಿ ಕೊಟ್ಟದ್ದು, ಅದನ್ನು ಕಿತ್ತುಕೊಳ್ಳಿ ಎಂದು ನಾನು ಹೇಳಲಾರೆ. ಆದರೆ ಅದು ಮಾಡಿದ್ದನ್ನೂ ನೋಡಬೇಕು. ನೀರು ಎಷ್ಟು ಎತ್ತಿದರೂ ಖರ್ಚು ಒಂದೇ ಎಂದಾದಾಗ ಸ್ವಿಚ್ ಆರಿಸುವ ಅಗತ್ಯ ಯಾರಿಗೂ ಕಾಣಲಿಲ್ಲ. ಕರೆಂಟು ಬಂದಾಗ ತಾನೇ ಓಡುವ ಹಾಗೆ ಆಟೊಮ್ಯಾಟಿಕ್ ಸ್ಟಾರ್ಟರ್ ಸಿಕ್ಕಿಸಿ ಮಲಗಿದರು. ಕೋಲಾರದಲ್ಲಿ ಬೋರು ಸಾವಿರ ಅಡಿ ದಾಟಿ ಎಷ್ಟೋ ವರ್ಷವಾಯಿತು. ಕೋಲಾರ, ಚಿಕ್ಕಬಳ್ಳಾಪುರ, ಬೆಂಗಳೂರು ನಗರ, ಗ್ರಾಮಾಂತರ ಜಿಲ್ಲೆಗಳಲ್ಲಿ ವರ್ಷದಲ್ಲಿ ಇಂಗುವುದಕ್ಕಿಂತ ಎತ್ತುವುದೇ ಹೆಚ್ಚು. ಅಸಲು ಕರಗುತ್ತಿದೆ, ನಾವದನ್ನು ಬಡ್ಡಿ ಎಂದುಕೊಂಡು ಉಣ್ಣುತ್ತಿದ್ದೇವೆ. 2018ರಿಂದ ಬೆಂಗಳೂರಿನ ಚರಂಡಿ ನೀರನ್ನು ಎರಡು ಹಂತದಲ್ಲಿ ಸೋಸಿ ಕೋಲಾರದ ಕೆರೆಗಳಿಗೆ ಬಿಡುತ್ತಿದ್ದಾರೆ. ಕೆರೆ ತುಂಬಿದೆ, ಬೋರಿನ ಮಟ್ಟ ಏರಿದೆ. ಮೂರನೇ ಹಂತದ ಶುದ್ಧೀಕರಣ ಬೇಕು ಎಂಬ ಕೂಗೂ ನಿಂತಿಲ್ಲ. ಆ ಕೂಗು ನ್ಯಾಯವಾದದ್ದು ಎಂದೇ ನನ್ನ ಅಭಿಪ್ರಾಯ.

ಇಷ್ಟೆಲ್ಲ ಕಂಡೂ ಬಯಲುಸೀಮೆಯ ಹುಡುಗರು ಅಡಿಕೆಯ ಹಿಂದೆ ಬಿದ್ದಿದ್ದೀರಿ. ಕ್ವಿಂಟಲಿನ ಬೆಲೆ ಕೇಳಿದರೆ ಯಾರಿಗಾದರೂ ಆಸೆ ಬರುವಂಥದ್ದೇ. ಚನ್ನಗಿರಿ, ಹೊಳಲ್ಕೆರೆ, ಹೊಸದುರ್ಗದ ಕಡೆ ರಾಗಿ, ಜೋಳ, ಶೇಂಗಾ ಬೆಳೆಯುತ್ತಿದ್ದ ಹೊಲಗಳು ತೋಟಗಳಾಗಿವೆ. 2023ರಲ್ಲಿ ರಾಜ್ಯದ 236 ತಾಲ್ಲೂಕುಗಳಲ್ಲಿ 223 ಬರಪೀಡಿತ ಎಂದು ಘೋಷಣೆಯಾಯಿತು. ಮುಂದಿನ ಬೇಸಿಗೆಯಲ್ಲಿ ಆ ತೋಟ ಉಳಿಸಲು ಟ್ಯಾಂಕರ್ ನೀರು ಕೊಂಡವರನ್ನು ಕೇಳಿ, ಅಡಿಕೆಯ ಲಾಭ ಎಲ್ಲಿ ಹೋಯಿತೆಂದು ಹೇಳುತ್ತಾರೆ. ರಾಗಿ ಒಂದು ಬರಕ್ಕೆ ಹೋದರೆ ಮುಂದಿನ ಮುಂಗಾರಿಗೆ ಮತ್ತೆ ಬಿತ್ತಬಹುದು. ಅಡಿಕೆ ಗಿಡ ಹೋದರೆ ಐದಾರು ವರ್ಷದ ದುಡಿಮೆ ಹೋಯಿತು. ಅಡಿಕೆ ಹಾಕಲೇಬೇಡಿ ಎನ್ನುವ ಹಟ ನನ್ನದಲ್ಲ. ಇರುವ ನೆಲವನ್ನೆಲ್ಲ ಅದಕ್ಕೆ ಕೊಡಬೇಡಿ, ಬೋರಿನ ನೀರು ಮಾರ್ಚ್ ತಿಂಗಳಲ್ಲಿ ಎಷ್ಟು ಬರುತ್ತದೆ ಎಂದು ಅಳೆದು ಅಷ್ಟಕ್ಕೆ ಮಾತ್ರ ಗಿಡ ಹಾಕಿ. ಆಗಸ್ಟಿನಲ್ಲಿ ಅಳೆದು ತೋಟ ಮಾಡುವವನಿಗೆ ದೇವರೂ ಸಹಾಯ ಮಾಡಲಾರ.

ಒಬ್ಬನೇ ಅಳೆದರೂ ಪಕ್ಕದವನು ಎತ್ತುತ್ತಾನಲ್ಲ ಎಂದು ಕೇಳುತ್ತೀರಿ. ಸರಿಯಾದ ಪ್ರಶ್ನೆ. 1968ರಲ್ಲಿ ಗ್ಯಾರೆಟ್ ಹಾರ್ಡಿನ್ ಎಂಬ ಅಮೆರಿಕದ ವಿಜ್ಞಾನಿ ಇದೇ ಮಾತು ಬರೆದ: ಎಲ್ಲರಿಗೂ ಸೇರಿದ ಗೋಮಾಳದಲ್ಲಿ ಪ್ರತಿಯೊಬ್ಬನೂ ಇನ್ನೊಂದು ದನ ಬಿಡುತ್ತಾನೆ, ಕೊನೆಗೆ ಹುಲ್ಲೇ ಇರುವುದಿಲ್ಲ. ಎಲಿನರ್ ಆಸ್ಟ್ರಮ್ ಎಂಬ ಹೆಣ್ಣುಮಗಳು ಅದನ್ನು ಒಪ್ಪಲಿಲ್ಲ. ನೇಪಾಳದ ಕಾಲುವೆ, ಸ್ವಿಟ್ಜರ್ಲೆಂಡಿನ ಹುಲ್ಲುಗಾವಲು, ಹೀಗೆ ಊರವರೇ ಕಟ್ಟಳೆ ಮಾಡಿಕೊಂಡು ಶತಮಾನಗಳಿಂದ ಉಳಿಸಿಕೊಂಡ ಜಾಗಗಳನ್ನು ತೋರಿಸಿದರು. ಯಾರು ಎಷ್ಟು ತೆಗೆಯಬೇಕು ಎಂಬ ನಿಯಮವನ್ನು ಬಳಸುವವರೇ ಮಾಡಬೇಕು, ಮೀರಿದವರನ್ನು ನೋಡುವ ಕಣ್ಣು ಊರಿನದೇ ಆಗಿರಬೇಕು, ದಂಡ ಚಿಕ್ಕದರಿಂದ ಶುರುವಾಗಬೇಕು. 2009ರಲ್ಲಿ ಅವರಿಗೆ ಅರ್ಥಶಾಸ್ತ್ರದ ನೊಬೆಲ್ ಬಂತು, ಆ ವಿಷಯದಲ್ಲಿ ಪಡೆದ ಮೊದಲ ಮಹಿಳೆ ಅವರೇ.

ನಮ್ಮ ಕೆರೆಗಳಿಗೂ ನೀರುಗಂಟಿ ಇದ್ದ. ಯಾವ ದಿನ ತೂಬು ಎತ್ತಬೇಕು, ಯಾರ ಗದ್ದೆಗೆ ಮೊದಲು, ಕೊರತೆಯ ವರ್ಷ ಎಷ್ಟು ಗದ್ದೆಗೆ ಮಾತ್ರ ಎಂಬುದು ಅವನ ಕೈಲಿತ್ತು. ಮೆಚ್ಚಬೇಕಾದ ಏರ್ಪಾಡು. ಆದರೆ ಎಷ್ಟೋ ಊರುಗಳಲ್ಲಿ ಆ ಕೆಲಸ ಮಾಡುತ್ತಿದ್ದ ದಲಿತ ಕುಟುಂಬಕ್ಕೆ ನೀರು ಹಂಚುವ ಹೊಣೆ ಇತ್ತೇ ಹೊರತು ಊರಿನ ಬಾವಿಯಲ್ಲಿ ನೀರು ಸೇದುವ ಹಕ್ಕು ಇರಲಿಲ್ಲ. ಆ ಭಾಗವನ್ನು ಮರೆತು ಹಳೆಯದನ್ನು ಹಾಡಿ ಹೊಗಳುವವರ ಮಾತು ಕೇಳಬೇಡಿ. ನೀವು ಕಟ್ಟುವ ಕಟ್ಟಳೆಯಲ್ಲಿ ನೆಲ ಇಲ್ಲದವರಿಗೂ ನೀರಿನಲ್ಲಿ ಪಾಲು ಇರಲಿ.

ಈ ಕಾಲದಲ್ಲಿ ಇದೆಲ್ಲ ಆಗುತ್ತದೆಯೇ ಎಂದರೆ, ಮಹಾರಾಷ್ಟ್ರದ ಅಹಿಲ್ಯಾನಗರ (ಹಿಂದಿನ ಅಹ್ಮದ್‌ನಗರ) ಜಿಲ್ಲೆಯ ಹಿವರೆ ಬಜಾರಿಗೆ ಒಂದು ಸಲ ಹೋಗಿಬನ್ನಿ. ಮಳೆ ನಮ್ಮ ಚಿತ್ರದುರ್ಗಕ್ಕಿಂತ ಹೆಚ್ಚಿಲ್ಲ. ಜನ ಗುಳೆ ಹೋಗುತ್ತಿದ್ದ ಊರು. 1990ರ ಸುಮಾರಿಗೆ ಪೋಪಟರಾವ್ ಪವಾರ್ ಎಂಬ ಓದಿದ ಯುವಕ ಸರಪಂಚರಾದರು. ಗುಡ್ಡಕ್ಕೆ ಕಂದಕ ತೋಡಿದರು, ದನ ಸುಮ್ಮನೆ ಬಿಡುವುದನ್ನು ನಿಲ್ಲಿಸಿದರು, ಬೇಸಾಯಕ್ಕೆ ಕೊಳವೆಬಾವಿ ಕೊರೆಯಕೂಡದು ಎಂದು ಊರೇ ತೀರ್ಮಾನಿಸಿತು. ಪ್ರತಿ ವರ್ಷ ಬಿದ್ದ ಮಳೆ ಅಳೆದು, ಕುಡಿಯಲು ಎಷ್ಟು, ದನಕ್ಕೆ ಎಷ್ಟು, ಉಳಿದದ್ದರಲ್ಲಿ ಯಾವ ಬೆಳೆ ಎಂದು ಗ್ರಾಮಸಭೆಯಲ್ಲಿ ಲೆಕ್ಕ ಹಾಕುತ್ತಾರೆ. ಕಬ್ಬು, ಬಾಳೆಗೆ ಅಲ್ಲಿ ಜಾಗವಿಲ್ಲ. ಗುಳೆ ಹೋದ ಎಷ್ಟೋ ಕುಟುಂಬಗಳು ಮರಳಿ ಬಂದಿವೆ.

ಲೆಕ್ಕ ಹಾಕದಿದ್ದರೆ ಏನಾಗುತ್ತದೆ ಎಂಬುದಕ್ಕೆ ಬಳ್ಳಾರಿಗಿಂತ ದೂರ ಹೋಗಬೇಕಿಲ್ಲ. ಕಬ್ಬಿಣದ ಅದಿರಿನ ಬೆಲೆ ಹೊರದೇಶದಲ್ಲಿ ಟನ್ನಿಗೆ ಸಾವಿರಾರು ರೂಪಾಯಿಗೆ ಏರಿದ ವರ್ಷಗಳಲ್ಲಿ ಸರ್ಕಾರಕ್ಕೆ ಬರುತ್ತಿದ್ದ ರಾಜಧನ ಟನ್ನಿಗೆ 30 ರೂಪಾಯಿಗೂ ಕಡಿಮೆ. 2011ರಲ್ಲಿ ಲೋಕಾಯುಕ್ತ ಸಂತೋಷ್ ಹೆಗ್ಡೆ ಅವರ ವರದಿ ಬೊಕ್ಕಸಕ್ಕೆ ಆದ ನಷ್ಟವನ್ನು 16,085 ಕೋಟಿ ಎಂದು ಲೆಕ್ಕ ಹಾಕಿತು. ಆ ವರ್ಷವೇ ಸುಪ್ರೀಂ ಕೋರ್ಟು ಗಣಿಗಾರಿಕೆ ನಿಲ್ಲಿಸಿತು. ಕೆಂಪು ಧೂಳು ಕೂತು ಬೆಳೆ ಕೈಬಿಟ್ಟ ಸಂಡೂರು ಕಡೆಯ ಹೊಲಗಳ ನಷ್ಟ ಅದರ ಮೇಲಿನದು. ಅದಿರು ಒಮ್ಮೆ ತೆಗೆದರೆ ಮುಗಿಯಿತು. ಮಣ್ಣು, ನೀರು, ಕಾಡು ಹಾಗಲ್ಲ, ಮಿತಿಯಲ್ಲಿ ತೆಗೆದರೆ ಮತ್ತೆ ತುಂಬಿಕೊಳ್ಳುತ್ತವೆ. ಗಾಂಧೀಜಿಯ ಒಡನಾಡಿ ಜೆ.ಸಿ. ಕುಮಾರಪ್ಪನವರು ಈ ವ್ಯತ್ಯಾಸವನ್ನು 1945ರಲ್ಲೇ ಬಿಡಿಸಿ ಹೇಳಿದ್ದರು. ಅವರು ಲೆಕ್ಕಪರಿಶೋಧಕರಾಗಿ ದುಡಿದವರು ಎಂಬುದು ಗಮನಿಸಬೇಕಾದ ಸಂಗತಿ.

ನಿಮಗೆ ವಯಸ್ಸಿದೆ, ಓದಿದೆ, ಕೈಯಲ್ಲಿ ಫೋನಿದೆ. ಪಹಣಿ, ಊರಿನ ನಕ್ಷೆ, ಕೆರೆಯ ಸರ್ವೆ ನಂಬರು ಎಲ್ಲ ಅದರಲ್ಲೇ ಸಿಗುತ್ತದೆ. ನಮ್ಮ ಕಾಲದಲ್ಲಿ ಅದಕ್ಕಾಗಿ ಶಾನುಭೋಗರ ಮನೆ ಮುಂದೆ ಕಾಯಬೇಕಿತ್ತು. ಮುಂದಿನ ಗ್ರಾಮಸಭೆಗೆ ತಪ್ಪದೆ ಹೋಗಿ. ನಮ್ಮೂರ ಕೆರೆ ದಾಖಲೆಯಲ್ಲಿ ಎಷ್ಟು ಎಕರೆ, ಈಗ ಉಳಿದಿರುವುದು ಎಷ್ಟು, ರಾಜಕಾಲುವೆ ಎಲ್ಲಿ ಮುಚ್ಚಿದೆ, ಗೋಮಾಳ ಯಾರ ಹೆಸರಿಗೆ ಹೋಗಿದೆ, ಉದ್ಯೋಗ ಖಾತ್ರಿಯಲ್ಲಿ ಬದು ಹಾಕಲು ಈ ವರ್ಷ ಎಷ್ಟು ಹಣ ಇಟ್ಟಿದ್ದೀರಿ ಎಂದು ಎದ್ದು ನಿಂತು ಕೇಳಿ. ಉತ್ತರವನ್ನು ನಡಾವಳಿಯಲ್ಲಿ ಬರೆಯಿಸಿ. ಬರೆಯುವ ತನಕ ಕೂರಬೇಡಿ.